ಹಿಂದೆ ಕೆಂಪು-ನೀಲಿ ದೀಪ ಕಂಡರೆ

ಚಿ. ಸುಹಾಸನಿಗೆ ಆಶೀರ್ವಾದಗಳು.

ಕಾರು ಕೊಂಡಿದ್ದೀ ಎಂದು ಅಕ್ಕ ಹೇಳಿದಳು. ಅಮೆರಿಕದ ಪೊಲೀಸರು ಹಿಂದಿನಿಂದ ಕೆಂಪು-ನೀಲಿ ದೀಪ ಹಾಕಿ ನಿಲ್ಲಿಸಿದರೆ ಏನು ಮಾಡಬೇಕೆಂದು ಈಗಲೇ ತಿಳಿದುಕೋ.

ಊರಲ್ಲಿ ಗಾಡಿ ಬದಿಗೆ ಹಾಕಿ, ಇಳಿದು, ಕಾಗದಪತ್ರ ಹಿಡಿದು ಪೊಲೀಸರ ಹತ್ತಿರ ಹೋಗುವುದು ವಾಡಿಕೆ. ಇಲ್ಲಿ ಪೊಲೀಸರು ಹೇಳುವವರೆಗೆ ಇಳಿಯಬೇಡ. ಯಾರ ಬಳಿಯೂ ಬಂದೂಕು ಇರಬಹುದಾದ ದೇಶ ಇದು; ಇಳಿದು ತನ್ನತ್ತ ಬರುವವನನ್ನು ಅಪಾಯವೆಂದೇ ಎಣಿಸುವಂತೆ ಅವರಿಗೆ ತರಬೇತಿ. ಅತಿಯೆನಿಸುತ್ತದೆ, ಆದರೆ ಇರುವುದು ಹಾಗೆ. ಇಂಡಿಕೇಟರ್ ಹಾಕಿ ಬಲಕ್ಕೆ ನಿಲ್ಲಿಸು, ಎಂಜಿನ್ ಆರಿಸು, ಕತ್ತಲಾಗಿದ್ದರೆ ಒಳಗಿನ ದೀಪ ಹಾಕು, ಗಾಜು ಇಳಿಸು, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಲೈಸೆನ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕೇಳುವ ಮುಂಚೆ ಹುಡುಕಬೇಡ. ಕೇಳಿದಾಗಲೂ "ಗ್ಲೋವ್ ಬಾಕ್ಸ್‌ನಲ್ಲಿದೆ, ತೆಗೆಯಲೇ?" ಎಂದು ಹೇಳಿಯೇ ಕೈ ಚಾಚು. ಹೆದ್ದಾರಿಯಲ್ಲಿ ವಾಹನಗಳಿಂದ ತಪ್ಪಿಸಿಕೊಳ್ಳಲು ಅವರು ಬಲಗಡೆಯ ಕಿಟಕಿಗೆ ಬರುವುದುಂಟು, ಬೆಚ್ಚಬೇಡ.

ಇಳಿ ಎಂದರೆ ಇಳಿ. ಇಲ್ಲಿನ ಸುಪ್ರೀಂ ಕೋರ್ಟಿನ 1977ರ ಮಿಮ್ಸ್ ತೀರ್ಪು ಪೊಲೀಸರಿಗೆ ಆ ಅಧಿಕಾರ ಕೊಟ್ಟಿದೆ. ಆದರೆ "ಕಾರು ಒಮ್ಮೆ ನೋಡಲೇ?" ಎಂಬುದು ಸಾಮಾನ್ಯವಾಗಿ ಅಪ್ಪಣೆಯಲ್ಲ, ನಿನ್ನ ಒಪ್ಪಿಗೆ ಪಡೆಯುವ ಬಗೆ. "ಒಪ್ಪಿಗೆ ಇಲ್ಲ, ಸರ್" ಎಂದು ಮೆಲ್ಲಗೆ ಹೇಳು. ಆಮೇಲೂ ಶೋಧಿಸಿದರೆ ಅಡ್ಡ ಹೋಗಬೇಡ. ಬಾಡಿ ಕ್ಯಾಮೆರಾ ಇದ್ದರೆ ನಿನ್ನ ಮಾತು ದಾಖಲಾಗುತ್ತದೆ, ಮುಂದೆ ವಕೀಲರಿಗೆ ಅದೇ ಬೇಕು. ಟಿಕೆಟ್ (ದಂಡದ ಚೀಟಿ) ಬರೆಯುವ ಕೆಲಸ ಮುಗಿದ ಮೇಲೆ, ಸಕಾರಣ ಸಂಶಯವಿಲ್ಲದೆ, ಮಾದಕವಸ್ತು ಮೂಸಿ ಹಿಡಿಯುವ ಪೊಲೀಸ್ ನಾಯಿ ಬರಲೆಂದು ನಿನ್ನನ್ನು ಕಾಯಿಸುವಂತಿಲ್ಲ (ಅದೇ ಕೋರ್ಟಿನ ರಾಡ್ರಿಗಸ್ ತೀರ್ಪು, 2015). ಟಿಕೆಟ್‌ಗೆ ಸಹಿ ಕೇಳಿದರೆ ಹಾಕು, ಅದು ತಪ್ಪೊಪ್ಪಿಗೆಯಲ್ಲ. ಆದರೆ ಅಲ್ಲೇ ದುಡ್ಡು ಕೊಟ್ಟು ಮುಗಿಸುವ ಮಾತೆತ್ತಬೇಡ, ಲಂಚದ ಕೇಸಾಗಬಹುದು.

ಇಲ್ಲಿ ಪೊಲೀಸ್ ಸಂಸ್ಥೆಗಳೇ ಸುಮಾರು 18,000: ನಗರ ಪೊಲೀಸ್, ಹೆಚ್ಚಿನ ಕಡೆ ಚುನಾವಣೆಯಲ್ಲಿ ಗೆದ್ದು ಬರುವ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಶೆರಿಫ್, ರಾಜ್ಯದ ಟ್ರೂಪರ್. ಒಂದೊಂದರ ತರಬೇತಿ, ನಿಯಮ ಒಂದೊಂದು ಥರ. ದೂರು ಕೊಡುವುದಿದ್ದರೆ ಯಾವ ಇಲಾಖೆಯೆಂದು ಟಿಕೆಟ್‌ನಲ್ಲಿ ಮೊದಲು ನೋಡು.

ಬೇಸಿಗೆಗೆ ಅಕ್ಕ-ಭಾವ ಬರುತ್ತಾರಲ್ಲ, ಅವರ ವಿಷಯವೇ ನನಗೆ ಹೆಚ್ಚಿನ ಚಿಂತೆ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮಗನ ಮನೆಗೆ ಬಂದಿದ್ದ ಗುಜರಾತಿನ ಹಿರಿಯರೊಬ್ಬರು ವಾಕಿಂಗ್ ಹೋಗಿದ್ದಾಗ ಯಾರೋ ಅನುಮಾನಪಟ್ಟು ಪೊಲೀಸರಿಗೆ ಫೋನ್ ಮಾಡಿದರು. ಆ ಹಿರಿಯರಿಗೆ ಇಂಗ್ಲಿಷ್ ಬಾರದು. ಅಧಿಕಾರಿ ನೆಲಕ್ಕೆ ಕೆಡವಿದ ಪೆಟ್ಟಿಗೆ ಬೆನ್ನುಹುರಿಗೇ ಏಟಾಯಿತು. ಭಾವನ ಜೇಬಿನಲ್ಲಿ ನಿನ್ನ ವಿಳಾಸ, ಫೋನ್ ನಂಬರ್, ಇಂಗ್ಲಿಷ್ ಬಾರದೆಂಬ ಒಂದು ಸಾಲು ಬರೆದ ಕಾರ್ಡ್ ಇರಲಿ. ಪೊಲೀಸರು ಕರೆದರೆ ಅದನ್ನು ತೆಗೆಯಲು ಅವಸರಪಡದೆ, ಕೈ ಕಾಣುವಂತೆ ನಿಂತುಬಿಡಲು ಹೇಳು. ಮೊದಲ ದಿನವೇ ಪಕ್ಕದ ಮನೆಯವರಿಗೆ ಇಬ್ಬರನ್ನೂ ಪರಿಚಯಿಸು.

ಇತಿ,
ನಿನ್ನ ಮಾವ