ಮೊದಲು ಬೆರಳು ನೋಡು

ಪ್ರೀತಿಯ ತಂಗಿಗೆ,

ಜಾಝ್ ವಾದಕರ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಎರಡೇ ಪುಟದಲ್ಲಿ 'ಅದ್ಭುತ' ಆರು ಸಲ ಬಂದಿದೆ. ಯಾರ ಬೆರಳೂ ಕಾಣಿಸಲಿಲ್ಲ. ಬೇಜಾರು ಮಾಡ್ಕೋಬೇಡ, ನಿನ್ನ ವಯಸ್ಸಿನಲ್ಲಿ ನಾನು ಇದಕ್ಕಿಂತ ಜಾಸ್ತಿ ಬಳಸುತ್ತಿದ್ದೆ.

ಜಾಂಗೋ ರೈನ್‌ಹಾರ್ಟ್‌ನನ್ನು 'ಗಿಟಾರ್ ಮಾಂತ್ರಿಕ' ಎಂದು ಕರೆದು ಮುಂದೆ ಹೋಗಿಬಿಟ್ಟಿದ್ದೀಯ. ಅಲ್ಲೇ ನಿಲ್ಲಬೇಕಿತ್ತು. 1928ರಲ್ಲಿ ಪ್ಯಾರಿಸ್ ಹತ್ತಿರ ಅವನ ಗಾಡಿಮನೆಗೆ ಬೆಂಕಿ ಬಿತ್ತು. ಹೆಂಡತಿ ಮಾರಲೆಂದು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳಿಗೆ ಮೇಣದ ಬತ್ತಿಯ ಉರಿ ತಾಗಿತ್ತು. ಅವನಿಗಾಗ 18 ವರ್ಷ. ಎಡಗೈಯ ಉಂಗುರದ ಬೆರಳು, ಕಿರುಬೆರಳು ಸುಟ್ಟು ಮುರುಟಿಕೊಂಡವು. ಎಡಗೈ ಅಂದರೆ ತಂತಿ ಒತ್ತುವ ಕೈ. ಉಳಿದೆರಡು ಬೆರಳನ್ನೇ ತಂತಿಯ ಉದ್ದಕ್ಕೂ ಓಡಿಸೋದು ಕಲಿತ. ಮುರುಟಿದ ಬೆರಳುಗಳನ್ನು ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ಹಿಡಿಯುವಾಗ ಆಸರೆಗೆ ಇಟ್ಟುಕೊಳ್ಳುತ್ತಿದ್ದ, ಅಷ್ಟೆ. 1934ರಲ್ಲಿ ಸ್ಟೆಫಾನ್ ಗ್ರಾಪೆಲ್ಲಿಯ ಪಿಟೀಲಿನ ಜೊತೆ ತಂಡ ಕಟ್ಟಿದ. ಆ ಧ್ವನಿಮುದ್ರಣಗಳನ್ನು ಕೇಳು, ಎರಡೇ ಬೆರಳಿನ ಓಟ ಅದು. ಇಷ್ಟು ಬರೆದರೆ 'ಮಾಂತ್ರಿಕ' ತಾನಾಗೇ ಉದುರಿಹೋಗುತ್ತದೆ. ಹಾಗಂತ 'ಅಯ್ಯೋ ಪಾಪ' ಅನ್ನಿಸೋ ಕಥೆಯನ್ನೂ ಮಾಡಬೇಡ.

ಡಿಝಿ ಗಿಲೆಸ್ಪಿಯ ಮೇಲ್ಮುಖದ ಟ್ರಂಪೆಟ್ ಸುಮ್ನೆ ಶೋಕಿಗೆ ಮಾಡಿಸಿದ್ದಲ್ಲ. 1953ರ ಜನವರಿಯಲ್ಲಿ, ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಅವನ ಹೆಂಡತಿಯ ಹುಟ್ಟುಹಬ್ಬ ನಡೆದಿತ್ತು. ಯಾರೋ ಟ್ರಂಪೆಟ್ ಮೇಲೆ ಬಿದ್ದು ಕೊಳವೆ ಬಾಗಿತು. ಊದಿ ನೋಡಿದ, ಆ ನಾದ ಹಿಡಿಸಿತು. ಆಮೇಲೆ ಬೇಕಂತಲೇ 45 ಡಿಗ್ರಿ ಬಾಗಿಸಿದ್ದನ್ನು ಮಾಡಿಸಿಕೊಂಡ.

ಇನ್ನು ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್. ಇಲ್ಲಿ ನಾನೇ ಜಾರಿ ಬಿದ್ದಿದ್ದೇನೆ. ಅದೇ ವರ್ಷ ಮೇ 15, ಟೊರೊಂಟೊದ ಮ್ಯಾಸಿ ಹಾಲ್‌ನಲ್ಲಿ ಕಛೇರಿ. ಅವತ್ತೇ ಮಾರ್ಸಿಯಾನೊ–ವಾಲ್ಕಾಟ್ ಬಾಕ್ಸಿಂಗ್ ಬೇರೆ, ಹಾಲ್ ತುಂಬಲೇ ಇಲ್ಲ. ಗಿಲೆಸ್ಪಿ, ಬಡ್ ಪೊವೆಲ್, ಮಿಂಗಸ್, ಮ್ಯಾಕ್ಸ್ ರೋಚ್ ಜೊತೆ ನಿಂತ ಪಾರ್ಕರ್ ಕೈಯಲ್ಲಿದ್ದದ್ದು ಇಂಗ್ಲೆಂಡಿನಲ್ಲಿ ತಯಾರಾದ ಗ್ರಾಫ್ಟನ್, ಪ್ಲಾಸ್ಟಿಕ್ ಸ್ಯಾಕ್ಸೋಫೋನ್! ಇದನ್ನು ಎಲ್ಲೋ ಓದಿ 'ಪ್ಲಾಸ್ಟಿಕ್ಕಿನ ತೆಳು ನಾದ' ಎಂದು ಬರೆದು ಪತ್ರಿಕೆಯೊಂದಕ್ಕೆ ಕಳಿಸಿಯೂಬಿಟ್ಟೆ. ಅಚ್ಚಾದ ಮೇಲೆ ಧ್ವನಿಮುದ್ರಣ ಕೇಳಿದೆ. ಎಲ್ಲಿಯ ತೆಳು? ಪಾರ್ಕರ್ ಪಾರ್ಕರ್ ಥರವೇ ಕೇಳಿಸುತ್ತಿದ್ದ. ವಾದ್ಯ ಗಿಲೆಸ್ಪಿಯ ದಾರಿ ಬದಲಿಸಿತು, ಪಾರ್ಕರ್ ವಿಷಯದಲ್ಲಿ ಅದರ ಆಟ ನಡೆಯಲಿಲ್ಲ. ಕೇಳದೇ ಇದ್ದರೆ ಇದು ಗೊತ್ತಾಗೋದು ಹೇಗೆ, ಅಲ್ವಾ?

ತಿದ್ದಿ ಮತ್ತೆ ಕಳಿಸು. ಬಸಿರಿ ನೆರೆಯವಳಿಗೆ ತೊಂದರೆ ಆಗಬಾರದೆಂದು ಸಾನಿ ರಾಲಿನ್ಸ್ ಸ್ಯಾಕ್ಸೋಫೋನ್ ಹೊತ್ತುಕೊಂಡು ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಗೆ ಹೋಗಿ ಅಭ್ಯಾಸ ಮಾಡುತ್ತಿದ್ದ ಅಂತ ಬರೆದಿದ್ದೀಯಲ್ಲ, ಆ ಪ್ಯಾರಾ ಮಾತ್ರ ಮುಟ್ಟಬೇಡ.

ನಿನ್ನ ಅಣ್ಣ