ನಿನ್ನ ನಾಯಕನ ಪರ ವಕಾಲತ್ತು ಬೇಡ

ತಮ್ಮಾ,

ನಿನ್ನ ಕಾದಂಬರಿಯ ಹಸ್ತಪ್ರತಿ ಓದಿ ಮುಗಿಸಿದೆ. ಅಧ್ಯಾಯ ಎಷ್ಟು ಉದ್ದ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನ ಯಾರು ಬೇಕಾದರೂ ಹೇಳಿಕೊಡುತ್ತಾರೆ, ಬಿಡು. ಕೊನೆಗೆ "ಸುಟ್ಟುಬಿಡೋಣ ಅನ್ಸುತ್ತೆ" ಅಂತ ಬರೆದಿದ್ದೀಯಲ್ಲ, ಅದಕ್ಕೆ ಮಾತ್ರ ಸಿಟ್ಟು ಬಂತು. ಸಿರವಾರದ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲ, ಬೆಳಗಿನ ಜಾವ ಕಾಲುವೆ ನೀರಿನ ಮಟ್ಟದ ಗೇಜ್ ನೋಡೋಕೆ ಬೈಕ್ ಹತ್ತಿ ಹೋಗೋ ರೈತರು, ಇವನ್ನೆಲ್ಲ ಇಷ್ಟು ಚೆನ್ನಾಗಿ ಕಂಡವನು ಸುಡೋ ಮಾತಾಡಬಾರದು.

ನನ್ನ ತಕರಾರು ನಿನ್ನ ನಾಯಕನದು. ಕೆಳಭಾಗದ ರೈತರನ್ನ ಕಟ್ಟಿಕೊಂಡು ಬಂಡೇಳುತ್ತಾನೆ, ರಾತ್ರಿ ಕಾಲುವೆ ಗೇಟು ಮುರಿಯುತ್ತಾನೆ, ಅದನ್ನ ಕಾಯೋ ಗ್ಯಾಂಗ್‌ಮನ್‌ಗೆ ಹೊಡೆಯುತ್ತಾನೆ, ಸಂಘದ ದುಡ್ಡು ತಿನ್ನುತ್ತಾನೆ. ತಿನ್ನಲಿ. ಆದರೆ ಅವನು ತಪ್ಪು ಮಾಡಿದಾಗೆಲ್ಲ ನೀನು ಕಾರಣ ಹಿಡಿದು ಓಡಿಬರುತ್ತೀಯ. ಅಪ್ಪ ಸಾಲಕ್ಕೆ ಸತ್ತ, ಮೇಷ್ಟ್ರು ಅವಮಾನ ಮಾಡಿದರು, ಪ್ರೀತಿಸಿದವಳು ಬಿಟ್ಟುಹೋದಳು. ಯಾಕಪ್ಪಾ? ಪಂಪ 10ನೇ ಶತಮಾನದಲ್ಲೇ ಛಲ ಅಂದರೆ ದುರ್ಯೋಧನ ಅಂದ, ಹಾಗಂತ ಅವನ ತಪ್ಪು ತೊಳೆಯೋಕೆ ಹೋಗಲಿಲ್ಲ. ಅನಂತಮೂರ್ತಿಯವರ 'ಅವಸ್ಥೆ' (1978) ಇನ್ನೊಮ್ಮೆ ಓದು. ರೈತ ನಾಯಕ ಕೃಷ್ಣಪ್ಪಗೌಡ ಪಾರ್ಶ್ವವಾಯು ಬಡಿದು ಬಿದ್ದುಕೊಂಡೇ ತನ್ನ ಬದುಕನ್ನ ತಿರುಗಿ ನೋಡುತ್ತಾನೆ. ಅವನ ದೊಡ್ಡತನವೂ ಅಲ್ಲಿದೆ, ರಾಜಿಗಳೂ ಇವೆ.

ನಾಯಕ ಎಂಥವನು ಅಂತ ಅವನ ಬಾಲ್ಯ ಹೇಳೋದಿಲ್ಲ, ಅವನ ಹಿಂದೆ ಹೋದವರು ಹೇಳುತ್ತಾರೆ. ನಿನ್ನಲ್ಲೇ ಒಬ್ಬ ಮುದುಕಿ ಇದ್ದಾಳೆ. ಮೇಕೆ ಮಾರಿದ ದುಡ್ಡನ್ನ ಸೆರಗಿನ ಗಂಟು ಬಿಚ್ಚಿ ಕೊಡುತ್ತಾಳೆ, ಅವನು ಎಣಿಸದೇ ಜೇಬಿಗೆ ಹಾಕಿಕೊಳ್ಳುತ್ತಾನೆ. ಆ ಎಣಿಸದೇ ಇರೋದನ್ನ ಕಂಡೆಯಲ್ಲ, ಭಲೇ! ಅಂಥವಳಿಗೆ ಎರಡೇ ಸಾಲು ಕೊಟ್ಟಿದ್ದೀಯ. ದುಡ್ಡು ಹೋಯ್ತು ಅಂತ ಗೊತ್ತಾದ ಮೇಲೂ ಅವಳು ಧರಣಿಗೆ ಬಂದು ಕೂರುತ್ತಾಳೆ. ಯಾಕೆ ಬಂದಳು? ಅದನ್ನ ಬರಿ. ಕಾಲುವೆಯ ಮೇಲ್ಭಾಗದ ಗಂಗಾವತಿ, ಕಾರಟಗಿ ಕಡೆಯವರನ್ನೆಲ್ಲ ನೀರುಗಳ್ಳರು ಅಂತ ಒಂದೇ ಮಾತಲ್ಲಿ ಮುಗಿಸಬೇಡ. ಅವರೂ ಸಾಲ ಮಾಡಿಯೇ ಭತ್ತ ನಾಟಿ ಮಾಡಿದವರು.

ಸಂಡೂರಿನ ಗಣಿ ಕಾರ್ಮಿಕರ ಮೇಲೆ ನಾನು ಬರೆದ ಕಾದಂಬರಿಯಲ್ಲಿ ಮುಖಂಡ ಮಾಲೀಕನಿಂದ ಲಕೋಟೆ ತಗೊಳ್ಳೋ ಪುಟ ಒಂದಿತ್ತು. ಚಳವಳಿಗೆ ಕೆಟ್ಟ ಹೆಸರು ಅಂತ ಪ್ರಕಾಶಕರು ನನ್ನನ್ನ ಒಂದು ಮಾತೂ ಕೇಳದೇ ಕಿತ್ತುಹಾಕಿದರು. ಪುಸ್ತಕಕ್ಕೆ ಭಾರಿ ಹೊಗಳಿಕೆ ಬಂತು. ಇವತ್ತಿಗೂ ಅದು ನನಗೆ ಬಂದಿದ್ದು ಅನಿಸಲ್ಲ, ಆ ಪ್ರಕಾಶಕರ ಜೊತೆ ಮಾತೂ ಇಲ್ಲ.

ಗೇಟು ಮುರಿದ ರಾತ್ರಿಯನ್ನ ಏಟು ತಿಂದ ಗ್ಯಾಂಗ್‌ಮನ್‌ನ ಹೆಂಡತಿಯ ಕಡೆಯಿಂದ ಮತ್ತೆ ಬರಿ. ಬರೋ ವಾರ ರಾಯಚೂರಿಗೆ ಬರ್ತೀನಿ, ಕೈಯಲ್ಲೇ ಕೊಡು. ಅಲ್ಲಿವರೆಗೆ ಗೆಳೆಯರಿಗೆ ತೋರಿಸಬೇಡ, ಅವರು ಸುಮ್ನೆ ಚೆನ್ನಾಗಿದೆ ಅಂದುಬಿಡುತ್ತಾರೆ.