ಕಡಿಮೆ ಆದಾಯದವರ ಮನೆಗೆ ಎರಡು ಸಲ ಅರ್ಜಿ, ಎರಡು ಸಲವೂ ಇಲ್ಲ ಅಂದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಬಾಡಿಗೆ ವಿಭಾಗ

ವಿಷಯ: ನನ್ನ ಆದಾಯವನ್ನು ಸರಿಯಾಗಿ ಲೆಕ್ಕ ಹಾಕಿ, ಅರ್ಜಿ ಶುಲ್ಕ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಊರಂಚಿನ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕಡಿಮೆ ಆದಾಯದವರಿಗೆ ಅಂತ ಎತ್ತಿಟ್ಟ ಮನೆಗೆ ನಾನು ಈ ವರ್ಷ ಎರಡು ಸಲ ಅರ್ಜಿ ಹಾಕಿದೆ. ಮಾರ್ಚ್‌ನಲ್ಲಿ ಹಾಕಿದಾಗ ನನ್ನ ಆದಾಯ ಜಾಸ್ತಿ ಅಂದಿರಿ. ಜೂನ್‌ನಲ್ಲಿ ಹಾಕಿದಾಗ ಕಡಿಮೆ ಅಂದಿರಿ. ಈ ಮಧ್ಯೆ ನನ್ನ ಕೆಲಸ ಬದಲಾಗಿಲ್ಲ, ಗಂಟೆಯ ಕೂಲಿಯೂ ಬದಲಾಗಿಲ್ಲ. ಎರಡೂ ಸಲ ಶುಲ್ಕ ಮಾತ್ರ ತಪ್ಪದೆ ತೆಗೆದುಕೊಂಡಿರಿ.

ನಾನು ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ. ಗಂಟೆ ಲೆಕ್ಕದ ಸಂಬಳ. ಜನವರಿ, ಫೆಬ್ರವರಿಯಲ್ಲಿ ಇಬ್ಬರು ರಜೆ ಹಾಕಿದ್ದರು, ನನಗೆ ಓವರ್‌ಟೈಮ್ ಸಿಕ್ಕಿತು. ನಿಮ್ಮ ಕೌಂಟರಿನಲ್ಲಿದ್ದವರು ಫೆಬ್ರವರಿಯ ಸಂಬಳದ ಚೀಟಿ ತೆಗೆದುಕೊಂಡು, ಕೆಳಗಿದ್ದ ಮೊತ್ತಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಅದನ್ನು 12ರಿಂದ ಗುಣಿಸಿದರು. ಓವರ್‌ಟೈಮ್ ವರ್ಷವಿಡೀ ಇರುವುದಿಲ್ಲ, ಹಳೆಯ ಚೀಟಿಗಳೂ ತಂದಿದ್ದೇನೆ, ನೋಡಿ ಅಂದೆ. ಕವರ್ ತೆರೆಯಲೇ ಇಲ್ಲ. ಮೇ ತಿಂಗಳಲ್ಲಿ ನನ್ನ ಗಂಟೆಗಳು ಕಡಿಮೆಯಾದವು. ಜೂನ್‌ನಲ್ಲಿ ಅದೇ ಕೌಂಟರ್, ಅದೇ ಗುಣಾಕಾರ, ಚೀಟಿ ಮಾತ್ರ ಮೇ ತಿಂಗಳದ್ದು.

ಮನೆಗೆ ಬಂದು ನಾನೇ ಕೂತು ಲೆಕ್ಕ ಹಾಕಿದೆ. ನಮ್ಮಷ್ಟು ಜನರಿರುವ ಕುಟುಂಬದ ನಡುಮಟ್ಟದ ಆದಾಯ ಈ ಭಾಗದಲ್ಲಿ 100 ಅಂತ ಇಟ್ಟುಕೊಳ್ಳೋಣ. ನಿಮ್ಮ ಮನೆಗೆ ಬರಬೇಕಾದರೆ ಆದಾಯ 60 ದಾಟಬಾರದು. ಬಾಡಿಗೆ ಆ 60ರಲ್ಲಿ ಶೇಕಡಾ 30, ಅಂದರೆ 18. ಇಲ್ಲಿಯವರೆಗೆ ಸರಿ. ಆದರೆ ಬಾಡಿಗೆಯ ಮೂರು ಪಟ್ಟು ಆದಾಯ ಇರಲೇಬೇಕು ಅಂತ ನೀವು ಇನ್ನೊಂದು ಷರತ್ತು ಸೇರಿಸಿದ್ದೀರಿ. 18ರ ಮೂರು ಪಟ್ಟು 54. ಅಲ್ಲಿಗೆ 54ಕ್ಕಿಂತ ಕಡಿಮೆ ದುಡಿಯುವವರಿಗೆ ಮನೆ ಇಲ್ಲ, 60ಕ್ಕಿಂತ ಜಾಸ್ತಿ ದುಡಿಯುವವರಿಗೂ ಇಲ್ಲ. ಇಷ್ಟು ಸಣ್ಣ ಸಂದಿಯಲ್ಲಿ ಎಷ್ಟು ಜನ ಹಿಡಿಯುತ್ತಾರೆ, ನೀವೇ ಹೇಳಿ. ತೀರಾ ಕಷ್ಟದಲ್ಲಿರುವವರನ್ನು ಬಾಗಿಲಲ್ಲೇ ತಡೆದು, ಬೋರ್ಡಿನಲ್ಲಿ ಮಾತ್ರ ಕಡಿಮೆ ಆದಾಯದವರಿಗೆ ಅಂತ ಬರೆಯುವುದು ನ್ಯಾಯ ಅಲ್ಲ.

ಇನ್ನು ನನ್ನ ವಿಷಯ. ಓವರ್‌ಟೈಮ್ ಸಿಕ್ಕ ತಿಂಗಳ ಲೆಕ್ಕದಲ್ಲಿ ನಾನು 64. ಮೇ ತಿಂಗಳ ಲೆಕ್ಕದಲ್ಲಿ 51. ಜೂನ್‌ಗೆ ಹಿಂದಿನ ಹನ್ನೆರಡು ತಿಂಗಳ ಚೀಟಿಗಳನ್ನೂ ಕೂಡಿಸಿ ನೋಡಿದರೆ 56. ನಿಮ್ಮ ಎರಡೂ ಷರತ್ತಿಗೆ ನಾನು ಹೊಂದುತ್ತೇನೆ! ಹನ್ನೆರಡೂ ಚೀಟಿ ಅವತ್ತು ನಿಮ್ಮ ಮೇಜಿನ ಮೇಲೆಯೇ ಇದ್ದವು. ಐದು ನಿಮಿಷ ಕೊಟ್ಟು ಕೂಡಿಸಿದ್ದರೆ ಸಾಕಿತ್ತು. ಗಂಟೆ ಲೆಕ್ಕದಲ್ಲಿ ದುಡಿಯುವ ಯಾರ ಸಂಬಳವೂ ಪ್ರತಿ ತಿಂಗಳು ಒಂದೇ ಇರುವುದಿಲ್ಲ. ಇಂಥ ಮನೆ ಕೇಳಿಕೊಂಡು ಬರುವವರೂ ಹೆಚ್ಚಾಗಿ ಅವರೇ.

ಖಾಲಿ ಇದೆ ಅಂತ ಹಾಕಿದ್ದ ಮನೆಯ ಬಗ್ಗೆಯೂ ಹೇಳಬೇಕು. ಮಾರ್ಚ್‌ನಲ್ಲಿ ಎರಡನೇ ಮಹಡಿಯ ಆ ಮನೆ ನೋಡಲು ಹೋದೆ. ಕಿಟಕಿಗೆ ಪರದೆ ಇತ್ತು. ಬಾಲ್ಕನಿಯ ಹಗ್ಗದಲ್ಲಿ ಮಗುವಿನ ಕಾಲುಚೀಲಗಳು ಒಣಗುತ್ತಿದ್ದವು. ಜನ ವಾಸವಿದ್ದ ಮನೆ ತೋರಿಸಿ ಶುಲ್ಕ ಕಟ್ಟಿಸಿಕೊಂಡಿರಿ. ಕೇಳಿದಾಗ, ಅದು ಸುಮ್ನೆ ಮಾದರಿಗೆ ಹಾಕಿದ್ದು, ನಿಜಕ್ಕೂ ಕಾಯುವವರ ಪಟ್ಟಿ ಇದೆ ಅಂದರು. ಆ ಪಟ್ಟಿಗಾದರೂ ಸೇರಿಸಿ ಅಂದರೆ, ಅರ್ಜಿ ತಿರಸ್ಕಾರ ಆದವರನ್ನು ಸೇರಿಸುವುದಿಲ್ಲವಂತೆ. ಆ ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ ಅಂತಲೂ ಹೇಳಲಿಲ್ಲ.

ಊರಂಚಿಗೆ ಬರುವವರು ಬಾಡಿಗೆ ಕಡಿಮೆ ಅಂತಲೇ ಬರುತ್ತಾರೆ. ಕೊನೆಯ ಬಸ್ ಬೇಗ ಹೊರಡುತ್ತದೆ, ರಾತ್ರಿ ಪಾಳಿ ಇದ್ದರೆ ಬೆಳಗಿನ ಬಸ್ಸಿಗೆ ಕಾಯಬೇಕು. ಅದನ್ನೆಲ್ಲ ನಾನು ಒಪ್ಪಿಕೊಂಡೇ ಅರ್ಜಿ ಹಾಕಿದ್ದೆ. ಮಗಳಿಗೆ ಓದಲು ಒಂದು ಕೋಣೆ ಸಿಗುತ್ತದಲ್ವಾ ಅನ್ನುವುದೊಂದೇ ಆಸೆ.

ದಯವಿಟ್ಟು ನನ್ನ ಆದಾಯವನ್ನು ಹನ್ನೆರಡು ತಿಂಗಳ ಚೀಟಿ ನೋಡಿ ಮತ್ತೆ ಲೆಕ್ಕ ಹಾಕಿ. ಮಾರ್ಚ್‌ನ ಅರ್ಜಿಯ ದಿನಾಂಕ ಹಿಡಿದು ಕಾಯುವವರ ಪಟ್ಟಿಗೆ ಸೇರಿಸಿ, ಎಷ್ಟನೇ ಕ್ರಮ ಅಂತ ಬರೆದು ತಿಳಿಸಿ. ಎರಡೂ ಸಲ ಕಟ್ಟಿದ ಶುಲ್ಕ ವಾಪಸ್ ಕೊಡಿ. ಮೇಲಿನ ಮಿತಿ, ಕೆಳಗಿನ ಮಿತಿ ಎರಡನ್ನೂ ಜಾಹೀರಾತಿನಲ್ಲೇ ಹಾಕಿ. ಹಣ ಕಟ್ಟುವ ಮುಂಚೆ ಜನರಿಗೆ ಅದು ಗೊತ್ತಾಗಬೇಕು. ಮೂರು ಪಟ್ಟಿನ ಷರತ್ತನ್ನೂ ಮತ್ತೊಮ್ಮೆ ಯೋಚಿಸಿ. ಹಳೆಯ ಮನೆಯ ಬಾಡಿಗೆಯನ್ನು ತಪ್ಪದೆ ಕಟ್ಟಿದ ರಸೀದಿ ಇದ್ದರೆ ಅದನ್ನೂ ಆಧಾರವಾಗಿ ಒಪ್ಪಬಹುದು.

ಎರಡು ಶುಲ್ಕದ ರಸೀದಿ, ಹನ್ನೆರಡು ಸಂಬಳದ ಚೀಟಿ ಮತ್ತು ಈಗಿನ ಮನೆಯ ಬಾಡಿಗೆ ರಸೀದಿಗಳ ಪ್ರತಿ ಜೊತೆಗಿಟ್ಟಿದ್ದೇನೆ. ನಾವು ಈಗಿರುವ ಮನೆಯನ್ನು ಮುಂದಿನ ತಿಂಗಳ ಕೊನೆಗೆ ಬಿಡಬೇಕು. ಹಾಗಾಗಿ 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ.

ಇತಿ,
ಮನೆಗಾಗಿ ಕಾಯುತ್ತಿರುವ ಅರ್ಜಿದಾರರು